ಆಮಿಯ ಹಿಂದಿನ ಸೀಟು

ಇಚಲಕರಂಜಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ಹಳೆಯ ಓಣಿಯ ಕಡೆ ನಡೆಯುತ್ತಿದ್ದೆ. ನೂಲಿಗೆ ಗಂಜಿ ಹಾಕುವ ಕಾರ್ಖಾನೆಯ ಗೋಡೆಯ ಪಕ್ಕ ಬಂದಾಗ ಆ ವಾಸನೆ ಮೂಗಿಗೆ ಬಡಿಯಿತು. ಬೆಂದ ಗಂಜಿಯ ಬೆಚ್ಚಗಿನ, ತುಸು ಹುಳಿಯಾದ ವಾಸನೆ. ಅದೇ ಹೊತ್ತಿಗೆ ಒಂದು ಹಳೆಯ ಸ್ಕೂಟರು ಪೆಟ್ರೋಲಿನ ಹೊಗೆ ಬಿಡುತ್ತ ಪಕ್ಕದಲ್ಲೇ ಹಾದು ಹೋಯಿತು. ಎರಡೂ ಕೂಡಿದ ಆ ಗಳಿಗೆಯಲ್ಲಿ ನಾನು ಗೋಡೆಗೆ ಕೈ ಊರಿ ನಿಂತುಬಿಟ್ಟೆ. ನಮ್ಮ ಮನೆಯ ಕಾರಿನ ಹಿಂದಿನ ಸೀಟಿಗೆ ಇದೇ ವಾಸನೆ ಇತ್ತು. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಯಾವ ಗೋಡೆಯ ಪಕ್ಕ ಕಾದು ನಿಂತಿರುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಆ ದಿನ ನನ್ನ ಕೈಚೀಲದಲ್ಲಿ ಅವ್ವ ಹೊಲಿದ ಒಂದು ಕೌದಿ ಇತ್ತು. ಹಿಂದಿನ ವಾರ ಅಪ್ಪನ ತಮ್ಮ, ನಮ್ಮ ಕಾಕಾ, ಫೋನು ಮಾಡಿದ್ದ: “ಗಾಡಿ ಹೊಂಟೈತವಾ. ಒಮ್ಮಿ ಬಂದು ನೋಡಿ ಹೋಗ. ಆ ಸೀಟಿನ ಅರಿವಿ ನಿಮ್ಮ ಕಡೆ ಏನರ ಉಳದಿದ್ರ ತಗೊಂಡ ಬಾ.”

ಆ ಓಣಿಯ ನಮ್ಮ ಮನೆಯ ಮುಂಭಾಗದಲ್ಲಿ ಮಗ್ಗಗಳಿದ್ದವು, ಹಿಂಭಾಗದಲ್ಲಿ ತಗಡಿನ ಚಪ್ಪರದ ಕೆಳಗೆ ಕಾರು. ಅಪ್ಪ ಮತ್ತು ಅವನ ತಮ್ಮ ಭೂಪಾಲ ಕಾಕಾ ಸೇರಿ ಮಗ್ಗ ನಡೆಸುತ್ತಿದ್ದರು. ವಾರಕ್ಕೊಮ್ಮೆ ಊರಿನ ಕರೆಂಟು ನಿಂತು ಮಗ್ಗಗಳ ಖಟಖಟ ಅಡಗಿದ ದಿನ ಇಬ್ಬರೂ ಬನಿಯನ್ನಿನಲ್ಲಿ ಕಾರಿನ ಕೆಳಗೆ ತೂರಿಕೊಳ್ಳುತ್ತಿದ್ದರು. ಕೊಲ್ಲಾಪುರದ ಒಂದು ವಾಡೆಯಲ್ಲಿ ದನದ ಕೊಟ್ಟಿಗೆ ಸೇರಿದ್ದ, ಐವತ್ತರ ದಶಕದ ವಿಲಾಯತಿ ಕಾರು ಅದು. ಕಡುಹಸಿರು ಬಣ್ಣ, ಗುಂಡನೆಯ ಬೆನ್ನು. ತಿರುವು ಬಂದರೆ ದಿಕ್ಕು ತೋರಿಸಲು ಬಾಗಿಲ ಕಂಬದಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಹೊರಗೆ ಚಾಚುತ್ತಿತ್ತು. ಎಳೆದು ತಂದ ದಿನ ಅಪ್ಪನ ತಾಯಿ, ನಮ್ಮೆಲ್ಲರ ಆಯಿ, ಅದನ್ನೊಮ್ಮೆ ಸುತ್ತಿ ನೋಡಿ, “ಆಮಿ ಕಂಡಂಗ ಕಾಣತೈತಿ” ಅಂದಳು. ಆಮೆಯ ಆ ಹೆಸರೇ ಗಾಡಿಗೆ ಉಳಿಯಿತು. ಕಾಕಾ ಬಾಗಿಲು ತೆಗೆದು, “ಬಾ ಯವ್ವಾ, ಮೊದಲ ನೀನ ಕುಂಡ್ರು” ಎಂದಾಗ ಆಕೆ ಒಳಗೆ ಮೂಗು ಹಾಕಿ ಹಿಂದೆ ಸರಿದಳು. ಸೀಟು ಕಂದು ಬಣ್ಣದ ಚರ್ಮದ್ದಾಗಿತ್ತು. “ಜೈನರ ಮನಿಯಾಗ ಹುಟ್ಟಿ ಚರ್ಮದ ಮ್ಯಾಲ ಕುಂಡ್ರಲೇನ? ನೀವ ಹೋಗ್ರಿ, ನಾ ನಡಕೋತ ಬರತೇನಿ.”

ಹಾಗೆ ಶುರುವಾಯಿತು ನಮ್ಮ ಮನೆಯ ಗಾಡಿ ರಿಪೇರಿ. ಚರ್ಮ ಬಿಚ್ಚಿ ಕೊಲ್ಲಾಪುರದ ಚಪ್ಪಲಿ ಹೊಲಿಯುವವರಿಗೆ ಕೊಟ್ಟರು. ನಮ್ಮದೇ ಮಗ್ಗದಲ್ಲಿ ನೀಲಿ-ಬಿಳಿ ಚೌಕಳಿಯ ದಪ್ಪ ಬಟ್ಟೆ ನೇಯ್ದು, ಗಂಜಿ ಹಾಕಿ, ಅವ್ವ ಮತ್ತು ಕಾಕಾನ ಹೆಂಡತಿ ಕಾಕು ಕೈಯಿಂದ ಸೀಟಿಗೆ ಹೊಲಿದರು. ಪ್ರತಿ ದೀಪಾವಳಿಗೆ ಹೊಸ ಬಟ್ಟೆ. ಹೊಸದಿದ್ದಾಗ ಕೂತರೆ ಅದು ಹಪ್ಪಳದಂತೆ ಸದ್ದು ಮಾಡುತ್ತಿತ್ತು, ತೊಡೆಯ ಮೇಲೆ ಅದರ ನೇಯ್ಗೆ ಅಚ್ಚೊತ್ತುತ್ತಿತ್ತು. ಆಯಿ ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಹೀಗಾಗಿ ಅಪ್ಪ ಮುಂದಿನ ಸೀಟಿನ ಬೆನ್ನಿಗೆ ಸಾಗುವಾನಿಯ ಮಡಚುವ ಹಲಗೆಯೊಂದನ್ನು ಕೂರಿಸಿದ, ಸಂಜೆ ದಾರಿಯಲ್ಲೇ ಆದರೂ ಆಕೆ ತಟ್ಟೆ ಇಟ್ಟುಕೊಂಡು ಉಣ್ಣಲೆಂದು. ಪಕ್ಕದಲ್ಲಿ ಸೋಸಿದ ನೀರಿನ ತಂಬಿಗೆಗೆ ಒಂದು ಹಿತ್ತಾಳೆಯ ಬಳೆ. ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಹಳ್ಳಿ ಅವ್ವನ ತವರು. ಅಲ್ಲಿಗೆ ಹೋಗುವಾಗ ಸಂಕೇಶ್ವರ ದಾಟಿದ ಮೇಲೆ ಕಬ್ಬಿನ ಹೊಲದ ಪಕ್ಕ ಗಾಡಿ ನಿಲ್ಲುತ್ತಿತ್ತು. ಹಲಗೆ ಇಳಿಯುತ್ತಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸೈಕಲ್ಲಿನ ಮೇಲೆ ಹೋಗುವವನೊಬ್ಬ ಒಮ್ಮೆ ಇಣುಕಿ, “ಕಾಯ್ ಆಜೀ, ಹಾಟೇಲ್ ಉಘಡಲಂ ಕಾ?” ಎಂದು ಮರಾಠಿಯಲ್ಲಿ ಕೇಳಿದ, ಹೋಟೆಲು ತೆರೆದೆಯಾ ಎಂದು. ಆಯಿ ತಲೆ ಎತ್ತದೆ, “ಹೌದಪಾ, ಹೊತ್ತ ಮುಳಗಿದ್ರ ಬಂದ್. ಉಣ್ಣಾವಿದ್ರ ಲಗೂನ ಬಾ” ಅಂದಳು. ಅವನು ನಿಜವಾಗಿಯೂ ಇಳಿದು ಒಂದು ರೊಟ್ಟಿ ತಿಂದು ಹೋದ.

ಮುಂದೆ ಕೊಲ್ಲಾಪುರದ ಮೈದಾನವೊಂದರಲ್ಲಿ ಹಳೆಯ ಗಾಡಿಗಳ ಪ್ರದರ್ಶನ ಏರ್ಪಟ್ಟಿತು. ಕಾಕಾ ಹಿಂದಿನ ದಿನವಿಡೀ ಆಮಿಯನ್ನು ತಿಕ್ಕಿ ತೊಳೆದು ಕರೆದೊಯ್ದ. ನಾವೆಲ್ಲ ಹೊಸ ಬಟ್ಟೆ ತೊಟ್ಟು ಹೋದೆವು. ಬಹುಮಾನಕ್ಕೆ ಆರಿಸುವವರು ಬಂದು ಬಾಗಿಲು ತೆಗೆದರು. ಹಲಗೆ ನೋಡಿ ಒಬ್ಬ, “ಹೇ ಕಾಯ್? ಜೇವಣಾಚಂ ಟೇಬಲ್?” ಎಂದು ನಕ್ಕ, ಊಟದ ಟೇಬಲ್ಲೇ ಎಂದು. ಇನ್ನೊಬ್ಬ ಚೌಕಳಿ ಬಟ್ಟೆ ಮುಟ್ಟಿ, “ಒರಿಜಿನಲ್ ನಾಹೀ” ಎಂದು ಮುಂದಿನ ಗಾಡಿಗೆ ನಡೆದ. ಮರಳಿ ಬರುವಾಗ ಕಾಕಾ ಕನ್ನಡಿಯಲ್ಲಿ ಮತ್ತೆ ಮತ್ತೆ ಹಿಂದಿನ ಸೀಟು ನೋಡುತ್ತಿದ್ದ. ಆಮೇಲೆ ಕರೆಂಟಿಲ್ಲದ ದಿನಗಳ ಕೆಲಸದ ದಿಕ್ಕು ಬದಲಾಯಿತು. ಹಿಂದೆ ಸೇರಿಸಿದ್ದನ್ನೆಲ್ಲ ಅವನು ಒಂದೊಂದಾಗಿ ಬಿಚ್ಚತೊಡಗಿದ. ಮೊದಲು ಹಿತ್ತಾಳೆಯ ಬಳೆ ಹೋಯಿತು, ಆಮೇಲೆ ಹಲಗೆ. ಅಪ್ಪ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, “ಯಾರಿಗೆ ತೋರಸಾಕ ಇದೆಲ್ಲಾ?” ಎಂದು ಕೇಳಿದ. “ಗಾಡಿಗೆ ಅದರ ಖರೇ ರೂಪ ಬ್ಯಾಡೇನಣ್ಣಾ? ನಾವು ಅದಕ್ಕ ಸೀರಿ ಉಡಿಸಿ ಕುಂಡರಿಸೇವಿ” ಅಂದ ಕಾಕಾ. ಅಪ್ಪ ಎದ್ದು ಕೈ ಒರೆಸಿಕೊಂಡ. ಮುಂದಿನ ವಾರದಿಂದ ಅವನು ಚಪ್ಪರದ ಕಡೆ ಬರುವುದನ್ನು ಬಿಟ್ಟ.

ನೂಲದಲ್ಲಿ ನನ್ನ ಮಾವನ ಮಗನಿಗೆ ಹೆಸರಿಡುವ ಕಾರ್ಯಕ್ರಮ ಬಂತು. ಕಾಕಾ ಗಾಡಿ ನಡೆಸುತ್ತಿದ್ದ. ಹಿಂದೆ ಆಯಿ, ಅವ್ವ, ನಡುವೆ ನಾನು. ಸೀಟಿನ ಮೇಲೆ ಅದೇ ಚೌಕಳಿ ಬಟ್ಟೆ ಇತ್ತು, ಆದರೆ ಸದ್ದು ಮಾಡಲಿಲ್ಲ. ಕಬ್ಬಿನ ಹೊಲದ ಪಕ್ಕ ಗಾಡಿ ನಿಂತಾಗ ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಆಯಿ ಅಭ್ಯಾಸದಂತೆ ಹಲಗೆ ಎಳೆಯಲು ಕೈ ಚಾಚಿದಳು. ಅಲ್ಲಿ ಏನೂ ಇರಲಿಲ್ಲ. “ಇರ್ಲಿ, ತೊಡಿ ಮ್ಯಾಲ ಇಟಗೋತೇನಿ” ಎಂದು ತಟ್ಟೆಗಾಗಿ ಸರಿದು ಕೂತಳು. ಬಟ್ಟೆಗೆ ಹೊಲಿಗೆ ಇರಲಿಲ್ಲ. ಆಕೆಯ ಜೊತೆ ಅದೂ ಸರಿಯಿತು. ಕೆಳಗೆ ಹೊಸ ಚರ್ಮ, ಎಣ್ಣೆ ಹಚ್ಚಿದಂತೆ ಹೊಳೆಯುವ ಕಂದು ಚರ್ಮ.

“ಮ್ಯಾಲ ಅರಿವಿ ಐತೆಲ್ಲ ಯವ್ವಾ” ಅಂದ ಕಾಕಾ, ಮುಂದಿನ ಗಾಜಿನ ಕಡೆಗೇ ನೋಡುತ್ತ. “ಮೈಗೆ ಹತ್ತೂದಿಲ್ಲ ಅಂತ ತಿಳದ್ನಿ.”

“ಹೊಚ್ಚಿಬಿಟ್ರ ಇಲ್ಲಂತಾತೇನೋ ಭೂಪಾಲಾ? ಬಾಗಲಾ ತಗಿ.”

ದನಿ ಏರಿರಲಿಲ್ಲ. ಆಕೆ ಇಳಿದು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತಳು. ಅವ್ವ ತಟ್ಟೆ ಹಿಡಿದು ನಿಂತೇ ಇದ್ದಳು. “ಉಣ್ಣ ಯವ್ವಾ, ಹೊತ್ತ ಹೊಂಟೈತಿ” ಎಂದು ಕಾಕಾ ಎರಡು ಸಲ ಹೇಳಿದ. ಆಯಿ ಕಬ್ಬಿನ ಗರಿಗಳ ಆಚೆ ನೋಡುತ್ತಿದ್ದಳು. ಬೆಳಕು ಕೆಂಪಾಗಿ, ಬೂದಿಯಾಗಿ, ಹೋಯಿತು. ಅವ್ವ ತಟ್ಟೆಯನ್ನು ಮುಚ್ಚಿ ಬುಟ್ಟಿಯಲ್ಲಿಟ್ಟಳು. ಗಡಹಿಂಗ್ಲಜದ ಬಸ್ಸಿಗೆ ಕೈ ಮಾಡಿ ನಾವು ಮೂವರೂ ಹತ್ತಿದೆವು. ಹಿಂದಿನ ಗಾಜಿನಲ್ಲಿ ನಾನು ನೋಡುತ್ತಲೇ ಇದ್ದೆ. ಖಾಲಿ ಆಮಿ ಬಸ್ಸನ್ನು ಒಮ್ಮೆಯೂ ದಾಟದೆ ನಮ್ಮ ಹಿಂದೆಯೇ ಬಂತು. ಬಸ್ಸು ತಿರುಗಿದಲ್ಲೆಲ್ಲ ಅದರ ಕಿತ್ತಳೆ ಕೈ ಹೊರಗೆ ಚಾಚಿ, ಮತ್ತೆ ಒಳಗೆ ಹೋಗುತ್ತಿತ್ತು.

ಜಗಳವೇನೂ ಆಗಲಿಲ್ಲ. ಆಯಿ ಕಾಕಾನಿಗೆ ಎಂದಿನಂತೆ ಬಡಿಸಿದಳು, ಎಂದಿನಂತೆ ಬೈದಳು. ಗಾಡಿಯಲ್ಲಿ ಮಾತ್ರ ಮತ್ತೆ ಕೂರಲಿಲ್ಲ. ಆಕೆ ಕೂರದ ಗಾಡಿಯಲ್ಲಿ ಅಪ್ಪ ಕೂರಲಿಲ್ಲ, ಅಪ್ಪ ಕೂರದ್ದರಿಂದ ನಾವೂ. ಮುಂದಿನ ಪ್ರದರ್ಶನದಲ್ಲಿ ಆಮಿಗೆ ಬಹುಮಾನವಾಗಿ ಬೆಳ್ಳಿಬಣ್ಣದ ಒಂದು ಕಪ್ಪು ಸಿಕ್ಕಿತು. ಕಾಕಾ ಅದನ್ನು ತಂದು ಆಯಿಯ ಕಾಲ ಬಳಿ ಇಟ್ಟ. ಆಕೆ ಎತ್ತಿ ನೋಡಿ, “ಚಂದ ಐತಿ. ಕಾಳ ಹಾಕಿಡಾಕ ಬರತೈತಿ” ಅಂದಳು. ಹೀಗೆ ಆ ಕಪ್ಪಿನಲ್ಲಿ ಸಾಸಿವೆ ತುಂಬಿತು. ಕೆಲವು ವರ್ಷಗಳಲ್ಲಿ ಆಯಿ ಹೋದಳು, ಆಮೇಲೆ ಅಪ್ಪ, ಹೋದ ವರ್ಷ ಅವ್ವ. ಮಗ್ಗಗಳನ್ನು ಗುಜರಿಯವರು ಬಿಚ್ಚಿಕೊಂಡು ಹೋದರು. ಪತ್ರಿಕೆಯೊಂದರಲ್ಲಿ ಸತ್ತವರ, ಮುಚ್ಚಿದ್ದರ ಸುದ್ದಿ ತಿದ್ದುವುದು ನನ್ನ ದಿನದ ಕೆಲಸ. ಆ ಸುದ್ದಿಗಳಿಗೆ ಎರಡು ಸಾಲು ಸಾಕೆಂದು ಎಷ್ಟೋ ಸಲ ನಾನೇ ಹೇಳಿದ್ದೇನೆ.

ನಾನು ತಲುಪಿದ ಮಧ್ಯಾಹ್ನವೇ ಗಾಡಿ ಕೊಳ್ಳುವವರು ಕೊಲ್ಲಾಪುರದಿಂದ ಬಂದಿದ್ದರು. ಒಳಗೆ ಟಾರ್ಚು ಹಾಕಿ ನೋಡಿ, “ಸಗಳಂ ಒರಿಜಿನಲ್” ಎಂದು, ಎಲ್ಲವೂ ಮೂಲದ್ದೇ ಎಂದು, ತಲೆದೂಗಿದರು. ಕಾಕಾ ಮನೆಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ನಾನು ಚೀಲದಿಂದ ಕೌದಿ ತೆಗೆದೆ. ವರ್ಷ ವರ್ಷ ಬಿಚ್ಚಿದ ಸೀಟಿನ ಬಟ್ಟೆಗಳನ್ನು ಜೋಡಿಸಿ ಅವ್ವ ಹೊಲಿದ ಕೌದಿ ಅದು. ಗಂಜಿಯೆಲ್ಲ ಹೋಗಿ ಮಲ್ಲು ಬಟ್ಟೆಯಂತೆ ಮೆತ್ತಗಾಗಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೀಲಿ ಚೌಕಗಳ ಮೇಲೆ ಹೆಬ್ಬೆರಳು ಆಡಿಸಿದ.

“ಹೋಗೂ ಮೊದಲ ಒಮ್ಮಿ ಒಳಗ ಹಾಸೂದೇನ ಕಾಕಾ?” ಎಂದೆ.

“ಬ್ಯಾಡವಾ. ಒಮ್ಮಿ ಹಾಸಿದ್ದ ಸಾಕಾತು.”

ಆಮಿ ಹೊರಟಿತು. ಓಣಿಯ ತುದಿಯಲ್ಲಿ ಕಿತ್ತಳೆ ಕೈ ಚಾಚಿತು, ಒಳಗೆ ಹೋಯಿತು. ಚಪ್ಪರದ ಕೆಳಗೆ ಎಣ್ಣೆ ಕುಡಿದ ಕಪ್ಪು ನೆಲ ಉಳಿಯಿತು. ಕಾಕಾ ಅಲ್ಲಿ ಕೌದಿ ಹಾಸಿದ. ಅಡುಗೆಮನೆಯಿಂದ ಅಪ್ಪ ಮಾಡಿದ ಹಲಗೆಯನ್ನು ತಂದು ಎರಡು ಇಟ್ಟಿಗೆಯ ಮೇಲಿಟ್ಟ. ಕಾಕು ಇಬ್ಬರಿಗೂ ತಟ್ಟೆ ತಂದಳು. ಕಬ್ಬಿನ ಹೊಲದ ಆ ಸಂಜೆಯಿಂದ ಅವನು ಹೊತ್ತು ಮುಳುಗಿದ ಮೇಲೆ ಉಂಡದ್ದೇ ಇಲ್ಲವೆಂದು ಅವಳು ಹೇಳಿದ್ದು ಆಗಲೇ. ತಗಡಿನ ಅಂಚಿನಿಂದ ಬಿಸಿಲು ಕೌದಿಯ ಅರ್ಧದವರೆಗೆ ಬಿದ್ದಿತ್ತು. ಬಿಸಿಲಿದ್ದ ಬದಿಯನ್ನು ನನಗೆ ಬಿಟ್ಟು ಅವನು ಆಚೆ ಸರಿದು ಕೂತ.

“ಬಾ, ಕುಂಡ್ರು” ಅಂದ. “ಇನ್ನ ಹೊತ್ತ ಐತಿ.”