ಹಿಡಿಬಿಡು ಮೇಸ್ತ್ರಿಯ ಬೆರಳು

ನನ್ನಣ್ಣ ಮನೆಗೆ ಬಂದರೆ ನಮ್ಮ ಯಜಮಾನರು ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ನೇರ ಅಂಗಳಕ್ಕಿಳಿದು ಅವನ ಸ್ಕೂಟರಿನ ಬ್ರೇಕ್ ಲಿವರ್ ಅದುಮಿ ನೋಡುತ್ತಾರೆ. "ಕೇಬಲ್ ಸಡಿಲ ಆಗಿದೆ ಭಾವ" ಅಂದರೆ ಮುಗಿಯಿತು, ಅಣ್ಣ ತಾನೇ ಕುರ್ಚಿ ಹುಡುಕಿಕೊಂಡು ಕೂರಬೇಕು. ನಾನು ಇಂಥ ಮನುಷ್ಯನ ಜೊತೆ ಸಂಸಾರ ಮಾಡಿದವಳು.

ಮನೆಯ ಮುಂದಿನ ಕೋಣೆಯೇ ಅವರ ಗ್ಯಾರೇಜು. ಗೋಡೆ ತುಂಬ ಸ್ಪ್ಯಾನರ್, ಮೂಲೆಯಲ್ಲಿ ಪಂಕ್ಚರ್ ನೋಡುವ ನೀರಿನ ಬಾಣಲೆ, ಬಾಗಿಲ ಹಿಡಿಗೂ ಗ್ರೀಸು. ರಿಪೇರಿಯಾದ ಗಾಡಿ ಹೊರಟಾಗ ಇವರು ರಸ್ತೆಯವರೆಗೂ ಹೋಗಿ ಕೂಗುತ್ತಾರೆ: "ಒದ್ದೆ ರಸ್ತೇಲಿ ಒಂದೇ ಸಮ ಒತ್ತಬೇಡಿ. ಹಿಡಿ, ಬಿಡು, ಹಿಡಿ, ಬಿಡು." ಬೀದಿಯವರು ಇವರಿಗೆ ಹಿಡಿಬಿಡು ಮೇಸ್ತ್ರಿ ಎಂದೇ ಹೆಸರಿಟ್ಟರು. ನಾನು ಹಿಡಿಬಿಡು ಮೇಸ್ತ್ರಿಯ ಹೆಂಡತಿ. ಇನ್ನೇನು ಮಾಡಲಿ?

ನಗುವವರಿಗೆ ಕಾರಣ ಗೊತ್ತಿಲ್ಲ. ಇವರ ತಮ್ಮ, ನನ್ನ ಮೈದುನ, ಒಂದು ಮಳೆಯ ದಿನ ಲಾರಿ ಅಡ್ಡ ಬಂತೆಂದು ಹೆದರಿ ಬ್ರೇಕು ಒತ್ತಿದ. ಒತ್ತಿದವನು ಬಿಡಲೇ ಇಲ್ಲ. ಚಕ್ರ ಲಾಕ್ ಆಗಿ ಗಾಡಿ ಜಾರಿತು. ಅವನು ಮತ್ತೆಂದೂ ಮನೆಗೆ ಬರಲಿಲ್ಲ.

ಮಗಳಿಗೆ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತರಬೇಕು, ಮಳೆಯಾದರೂ ಬಿಸಿಲಾದರೂ. ಹೊಸ ಬೈಕು ತಂದಳು, ಎಬಿಎಸ್ ಇರುವಂಥದ್ದು. ಇವರು ಒಂದು ಸುತ್ತು ಹೋಗಿ ಬಂದವರೇ ಮುಖ ಗಂಟು ಹಾಕಿಕೊಂಡರು. ಜೋರಾಗಿ ಬ್ರೇಕ್ ಹಿಡಿದರೆ ಲಿವರ್ ಬೆರಳಿನಡಿ ನಡುಗುತ್ತದಂತೆ. ಅದು ದೋಷವಲ್ಲ, ಚಕ್ರ ಲಾಕ್ ಆಗುವ ಮೊದಲೇ ಯಂತ್ರ ಬ್ರೇಕ್ ಸಡಿಲಿಸಿ ಮತ್ತೆ ಹಿಡಿಯುತ್ತದೆ, ಅದರದೇ ನಡುಕ ಎಂದು ಮಗಳು ಹೇಳಿದಳು. ಇವರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಮಾರನೇ ದಿನ ಬೈಕು ಒರೆಸುತ್ತಿದ್ದ ಮಗಳು ಒಳಗೆ ಬಂದಳು. ಬೆರಳ ತುದಿಯಲ್ಲಿ ಕರಿ ಟೇಪಿನ ತುಂಡು.

"ಅಪ್ಪ, ಎಬಿಎಸ್ ಫ್ಯೂಸ್ ಕಿತ್ತಿದ್ದೀಯಾ? ಮೀಟರಿನ ಎಚ್ಚರಿಕೆ ದೀಪ ಉರಿಯೋದು ಕಾಣದ ಹಾಗೆ ಟೇಪ್ ಬೇರೆ ಅಂಟಿಸಿದ್ದೀಯಾ?"

"ಬ್ರೇಕು ಬಿಡೋದು ಕೈ ಕೆಲಸ. ಪೆಟ್ಟಿಗೆ ಕೆಲಸ ಅಲ್ಲ."

"ನಾಳೆಯಿಂದ ನಾನು ಇದರಲ್ಲೇ ಹೋಗಬೇಕು. ಹೆದರಿದಾಗ ನನ್ನ ಕೈಗೆ ನಿನ್ನ ಪಾಠ ನೆನಪಿರದಿದ್ರೆ?"

ನನಗೆ ತಡೆಯಲಾಗಲಿಲ್ಲ. "ರೀ, ಇಬ್ಬರೂ ಬಾಯಲ್ಲೇ ಬ್ರೇಕ್ ಹಾಕ್ತಿದ್ದೀರಲ್ಲ. ಹೊರಗೆ ಹೋಗಿ ಹಾಕಿ ನೋಡಿ" ಅಂದೆ.

ಹಿತ್ತಲ ಓಣಿಗೆ ನೀರು ಸುರಿದು ಮರಳು ಚೆಲ್ಲಿದರು. ನಿಲ್ಲಬೇಕಾದ ಜಾಗದ ಗುರುತಿಗೆ ನನ್ನ ನೀಲಿ ಬಕೆಟ್ಟೇ ಬೇಕಾಯಿತು. ಇವರು ಹೆಲ್ಮೆಟ್ ಹಾಕಿ, ಫ್ಯೂಸ್ ಇಲ್ಲದೆ, ತಮ್ಮ ಹಿಡಿಬಿಡು ವಿದ್ಯೆಯಲ್ಲಿ ಬಂದರು. ಬೀಳಲಿಲ್ಲ, ಆದರೆ ಗುರುತು ದಾಟಿದ ಚಕ್ರಕ್ಕೆ ಸಿಕ್ಕಿ ಬಕೆಟ್ಟು ಸೀಳಿತು. ಸೀಳಿದ್ದನ್ನೇ ಮತ್ತೆ ಇಟ್ಟೆವು. ಮಗಳು ಫ್ಯೂಸ್ ಹಾಕಿದಳು. ಈ ಸಲ ಒತ್ತಿ ಬಿಡದೆ ಹಿಡಿಯಬೇಕೆಂಬ ಕರಾರು. ಎಲ್ಲಿ? ಹಳೇ ಚಾಳಿಯ ಬೆರಳು ತಾನಾಗಿ ಸಡಿಲವಾಯಿತು. ನನ್ನ ಬಕೆಟ್ಟಿಗೆ ಇನ್ನೊಂದು ಏಟು.

"ಕೈ ಕೇಳ್ತಿಲ್ಲ ಕಣೇ" ಅಂದರು ನನಗೆ. ಹಣೆಯಲ್ಲಿ ಬೆವರು. ಮೈದುನ ನೆನಪಾಗಿದ್ದಾನೆಂದು ಗೊತ್ತಾಯಿತು.

ಮತ್ತೆ ಬಂದರು. ನಾನು ಗೋಡೆ ಪಕ್ಕ ನಿಂತು ಓಣಿಯೆಲ್ಲ ಕೇಳುವಂತೆ ಕೂಗಿದೆ: "ಬಿಡಬೇಡಿ, ರೀ. ಹಿಡ್ಕೊಳ್ಳಿ, ಬಿಡಬೇಡಿ."

ಹಿಡಿದರು. ಹಲ್ಲು ಕಚ್ಚಿ ಹಿಡಿದರು. ಬೈಕು ಅತ್ತಿತ್ತ ಹೊರಳದೆ ಮರಳ ಮೇಲೆ ನೆಟ್ಟಗೆ ಬಂದು ಬಕೆಟ್ಟಿನ ಈಚೆಗೇ ನಿಂತಿತು. ಇವರು ಇಳಿಯಲಿಲ್ಲ, ಲಿವರ್ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಮಗಳು ಹತ್ತಿರ ಹೋಗಿ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

"ಅವನೂ ಹೀಗೇ ಹಿಡಿದಿದ್ದ" ಅಂದರು. "ಹೆದರಿದವನು ಬಿಡೋದಿಲ್ಲ ಪುಟ್ಟಿ. ಅವನದು ತಪ್ಪು ಅಂತ ಇಷ್ಟು ವರ್ಷ ಬೈಕೊಂಡೇ ಬಂದೆ."

ಮಗಳು ಅಪ್ಪನ ಹೆಗಲಿಗೆ ತಲೆಯಾನಿಸಿದಳು. ನಾನು ಬಕೆಟ್ಟಿನ ಚೂರು ಆರಿಸುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಬೆಳಿಗ್ಗೆ ಜಿಟಿಜಿಟಿ ಮಳೆ. ಮಗಳು ರಕ್ತ ತರುವ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು. ಇವರು ಎಂದಿನಂತೆ ರಸ್ತೆಯವರೆಗೂ ಹೋದರು. ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡಿದ್ದು ನನಗೆ ಬಾಗಿಲಿಂದಲೇ ಕಂಡಿತು.

"ಹೆದರಿಕೆ ಆದ್ರೆ ಹಿಡ್ಕೊ ಮಗಳೇ" ಅಂದರು. "ಬಿಡಬೇಡ."