ಲಾರಿ ಹನುಮಂತರಾಯಪ್ಪನವರ ಗಾಯದ ಪದಕ

ಹನುಮಂತರಾಯಪ್ಪನವರಿಗೆ ನಾನು ಹನ್ನೊಂದು ಅರ್ಜಿ ಟೈಪು ಮಾಡಿಕೊಟ್ಟಿದ್ದೇನೆ. ಎರಡು ವರ್ಷದಲ್ಲಿ ಹನ್ನೊಂದು, ಒಂದೊಂದಕ್ಕೂ ಎರಡು ಕಾರ್ಬನ್ ಪ್ರತಿ. ಮೊದಲನೆಯ ದಿನವೇ ಮನುಷ್ಯ ಬಾಯಿ ಬಿಟ್ಟು ಪೂರ್ತಿ ಸತ್ಯ ಹೇಳಿದ್ದರೆ ಇದರಲ್ಲಿ ಹತ್ತು ಅರ್ಜಿ ಬೇಕೇ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾನು ಆಗ ಪೀಣ್ಯದ ಒಂದು ಬೋಲ್ಟು ನಟ್ಟಿನ ಕಾರ್ಖಾನೆಯಲ್ಲಿ ಟೈಪಿಸ್ಟ್. ಅವರು ಗೇಟಿನ ವಾಚ್‌ಮನ್. ಪಕ್ಕದ ಲಗ್ಗೆರೆಯವರು, ಹದಿನೈದು ವರ್ಷ ಸೇನೆಯ ಕಾಲಾಳು ಪಡೆಯಲ್ಲಿದ್ದು ಬಂದವರು. ಅವರ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಬೇರೆ ಯಾರದೋ ಶೆಡ್ಡು ನಿಂತಿತ್ತು. ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಲೇತ್ ವಿಭಾಗದ ಹುಡುಗರೆಲ್ಲ ಅವರನ್ನು ಬೆನ್ನ ಹಿಂದೆ 'ಲಾರಿ' ಅನ್ನುತ್ತಿದ್ದರು. ಹಿಂದೆ ಲಾರಿ ಇಟ್ಟಿದ್ದರೇನೋ ಎಂದುಕೊಂಡು ನಾನು ಸುಮ್ಮನಿದ್ದೆ.

ಎಪ್ಪತ್ತೊಂಬತ್ತರ ಗಣರಾಜ್ಯೋತ್ಸವಕ್ಕೆ ಮಾಲೀಕರು ಅವರಿಗೆ ಪದಕ ಹಾಕಿಕೊಂಡು ಬನ್ನಿ ಎಂದು ಹೇಳಿದ್ದರು. ಇಸ್ತ್ರಿ ಮಾಡಿದ ಖಾಕಿಯ ಮೇಲೆ ಎರಡು ಪದಕ ಚುಚ್ಚಿಕೊಂಡು ಬಂದರು. ಬಾವುಟ ಕಟ್ಟುವಾಗ ಸಾಲಿನಲ್ಲಿದ್ದ ಒಬ್ಬ, "ಯಾವ್ದಣ್ಣ ಲಾರಿಯಿಂದ ಬಿದ್ದಿದ್ದಕ್ಕೆ ಕೊಟ್ಟಿದ್ದು? ಬಲಗಡೇದಾ ಎಡಗಡೇದಾ?" ಎಂದು ಕೇಳಿದ. ಎಲ್ಲರೂ ನಕ್ಕರು. ಹನುಮಂತರಾಯಪ್ಪ ಬಾವುಟಕ್ಕೆ ಸೆಲ್ಯೂಟ್ ಹೊಡೆದು ಮುಗಿಸಿ, ಕೊಟ್ಟ ಬೂಂದಿ ಪೊಟ್ಟಣವನ್ನು ಮುಟ್ಟದೆ, ನೇರ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಮೇಡಂ, ಇಂಗ್ಲೀಷಲ್ಲಿ ಒಂದು ಅರ್ಜಿ ಮಾಡ್ಕೊಡ್ಬೇಕು."

ಅವರು ಹೇಳಿದ ಸಂಗತಿ ಇಷ್ಟು. ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ, ಪಶ್ಚಿಮದ ಗಡಿಯಲ್ಲಿ, ಅವರ ಎಡತೊಡೆಗೆ ಗುಂಡು ಬಿತ್ತು. ಅವರನ್ನು ಆಸ್ಪತ್ರೆಗೆ ತಂದ ದಿನವೇ ಒಂದು ರೇಷನ್ ಲಾರಿ ಮಗುಚಿ ಅದರಲ್ಲಿದ್ದವರನ್ನೂ ಅದೇ ಡೇರೆಯ ಆಸ್ಪತ್ರೆಗೆ ತಂದು ಮಲಗಿಸಿದರು. ಪಟ್ಟಿ ಬರೆದವನು ಇವರನ್ನೂ ಲಾರಿಯವರ ಜೊತೆ ಸೇರಿಸಿಬಿಟ್ಟ. ಸರ್ವೀಸ್ ದಾಖಲೆಯಲ್ಲಿ 'ವಾಹನ ಅಪಘಾತ' ಎಂದಾಯಿತು. ಶತ್ರುವಿನ ಗುಂಡಿಗೆ ಗಾಯಗೊಂಡವರಿಗೆಲ್ಲ ಆಮೇಲೆ ಒಂದು ಪದಕ ಬಂತು, ಇವರಿಗೆ ಬರಲಿಲ್ಲ.

"ಪದಕ ಕೊಡ್ದಿದ್ರೂ ಪರ್ವಾಗಿಲ್ಲ ಮೇಡಂ. ಬಿದ್ದ ಅಂತ ಬರ್ದಿರೋದು ಒಡೆದಾಕಿ, ಗುಂಡು ಅಂತ ಬರೀಲಿ. ನಂಗೆ ಅಷ್ಟೇ ಬೇಕು," ಎಂದರು.

ಇದೊಂದು ಕೆಲಸವೇ ಎಂದುಕೊಂಡೆ. ಹದಿನೈದು ನಿಮಿಷದಲ್ಲಿ ಟೈಪು ಮಾಡಿ ಕೊಟ್ಟೆ.

ಆ ದಾಖಲೆ ಕಚೇರಿ ಉತ್ತರದಲ್ಲೆಲ್ಲೋ ಇತ್ತು. ನಾಲ್ಕು ತಿಂಗಳಾದ ಮೇಲೆ ನಿಗದಿತ ನಮೂನೆಯಲ್ಲಿ ಬರೆಯಿರಿ ಎಂದು ಉತ್ತರ ಬಂತು. ನಮೂನೆ ಕಳಿಸಿ ಎಂದು ಬರೆದೆವು. ಕಳಿಸಿದರು. ತುಂಬಿ ಕಳಿಸಿದ ಮೇಲೆ ಈ ನಮೂನೆ ಬದಲಾಗಿದೆ ಎಂದರು. ಆಮೇಲೆ ಡಿಸ್ಚಾರ್ಜ್ ಪುಸ್ತಕದ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕೆಂದರು. ಸಿಕ್ಕಿದ್ದು ಒಬ್ಬರು ದನದ ಡಾಕ್ಟರು. ಅವರು ಯಾವಾಗ ನೋಡಿದರೂ ಯಾವುದಾದರೂ ಹಸುವಿನ ಹಿಂದೆ ಇರುತ್ತಿದ್ದರು, ಅಂತೂ ಹನುಮಂತರಾಯಪ್ಪ ಎರಡು ವಾರ ಅಲೆದು ಸಹಿ ಹಾಕಿಸಿಕೊಂಡು ಬಂದರು. ಎಂಟನೆಯ ಅರ್ಜಿಗೆ, 'ನಮ್ಮ ಹಿಂದಿನ ಪತ್ರವನ್ನು ನೋಡಿ' ಎಂದು ಒಂದೇ ಸಾಲು. ಆ ಹಿಂದಿನ ಪತ್ರ ನಮಗೆ ಬಂದೇ ಇರಲಿಲ್ಲ. ಗಾಯದ ಗುರುತು ಇದೆಯಲ್ಲ, ನಿಮ್ಮ ಡಾಕ್ಟರೇ ನೋಡಲಿ ಎಂದು ನಾನೇ ತಲೆ ಓಡಿಸಿ ಬರೆದೆ. ಗುರುತಿನಿಂದ ಕಾರಣ ನಿರ್ಧರಿಸಲಾಗದು ಎಂದು ಬಂತು. ಆ ದಿನ ನಾನು ಟೈಪ್‌ರೈಟರಿನ ಮುಚ್ಚಳವನ್ನು ಎಷ್ಟು ಜೋರಾಗಿ ಹಾಕಿದೆನೆಂದರೆ ಮ್ಯಾನೇಜರು ಬಂದು ಏನಾಯಿತು ಎಂದು ಕೇಳಿದರು.

ಇನ್ನು ಹನುಮಂತರಾಯಪ್ಪನವರ ಕಾಟ ಬೇರೆ. ಇಂಗ್ಲಿಷ್ ಬಾರದಿದ್ದರೂ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡುತ್ತಿದ್ದರು. 'ಮಾನ್ಯ' ಎಂಬುದು ಎಲ್ಲೆಲ್ಲಿ ಬಂದಿದೆ ಎಂದು ತೋರಿಸಬೇಕು, ಕೊನೆಗೆ 'ಜೈ ಹಿಂದ್' ಇರಲೇಬೇಕು. ಸಿಟ್ಟು ಮಾಡಿಕೊಳ್ಳಿ ಸ್ವಲ್ಪ, ಕಟುವಾಗಿ ಬರೆಯೋಣ ಎಂದರೆ, "ಬ್ಯಾಡ ಮೇಡಂ, ದೊಡ್ಡೋರು" ಎನ್ನುತ್ತಿದ್ದರು.

ಹನ್ನೊಂದನೆಯದಕ್ಕೆ ಕೊನೆಗೂ ಒಂದು ದಾರಿ ಕಂಡಿತು. ಆ ಕಾಲದ ಪತ್ರ ಮುಂತಾದ ಪುರಾವೆ ಇದ್ದರೆ ಹಾಜರುಪಡಿಸಬಹುದು, ಸ್ಥಳದಲ್ಲೇ ವಿಚಾರಣೆಗೆ ಒಬ್ಬರನ್ನು ಕಳಿಸುತ್ತೇವೆ ಎಂದಿದ್ದರು. ನನಗೆ ಕುಣಿಯುವಷ್ಟು ಸಂತೋಷ. "ಆಗ ಮನೆಗೆ ಕಾಗದ ಬರೆದಿದ್ರಾ?" ಎಂದು ಕೇಳಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಬರ್ದಿರ್ಬೌದು. ಗ್ಯಾಪಕ ಇಲ್ಲ," ಎಂದರು. ನಾನು ಅಲ್ಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಮಾಡಿಕೊಳ್ಳಲಿಲ್ಲ.

ಎಂಬತ್ತೊಂದರ ಮಾರ್ಚಿನ ಒಂದು ಭಾನುವಾರ ವಿಚಾರಣೆ. ಫೈಲು ಹಿಡಿದುಕೊಂಡು ನಾನೂ ಲಗ್ಗೆರೆಗೆ ಹೋದೆ. ಬಂದವರು ನಿವೃತ್ತ ಸುಬೇದಾರ್ ನಲ್ಲಪ್ಪ, ವಯಸ್ಸಾದ ಸೌಮ್ಯ ಮನುಷ್ಯ. ಊರವರು ಅವರನ್ನು ಹನುಮಂತರಾಯಪ್ಪನವರ ಮನೆಗೆ ಕರೆದುಕೊಂಡು ಹೋಗಲಿಲ್ಲ. ಶ್ಯಾಮಣ್ಣನ ರಾಗಿ ಮಿಲ್ಲಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿದರು.

ಮಿಲ್ಲಿಗೇಕೆ ಎಂದು ನಾನು ಕೇಳಿದೆ. ಶ್ಯಾಮಣ್ಣನೇ ಹೇಳಿದ. ಊರಿನಿಂದ ಸೇನೆಗೆ ಹೋದವರ ಕಾಗದ ಬಂದರೆ ಓದುವುದು ಅಲ್ಲಿಯೇ. ಓದು ಬಲ್ಲವನು ಅವನೊಬ್ಬ, ರಾಗಿ ತಂದ ಹೆಂಗಸರು ಹೇಗೂ ಕಾಯುತ್ತಿರುತ್ತಾರೆ. ಕಾಗದ ಬಂದ ದಿನ ಬೆಲ್ಟು ಬಿಚ್ಚಿ ಮಿಷನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದ. ಉತ್ತರವನ್ನೂ ಎಲ್ಲರೂ ಸೇರಿ ಹೇಳಿ ಬರೆಸುತ್ತಿದ್ದರು. ಹಾಗಾಗಿ ಕಾಗದ ಮನೆಯ ಸ್ವತ್ತಲ್ಲ, ಊರಿನ ಸ್ವತ್ತು. ಇದನ್ನೂ ಆ ಪುಣ್ಯಾತ್ಮ ನನಗೆ ಹೇಳಿರಲಿಲ್ಲ.

ನಲ್ಲಪ್ಪನವರು ಪೆನ್ನು ತೆಗೆದು, "ಎಪ್ಪತ್ತೊಂದರಲ್ಲಿ ಇವರ ಕಾಲಿಗೆ ಏನಾಯ್ತು, ಯಾರಿಗಾದ್ರೂ ಗೊತ್ತಾ?" ಎಂದರು.

ಇಪ್ಪತ್ತು ಜನ ಒಟ್ಟಿಗೆ ಬಾಯಿ ಬಿಟ್ಟರು. ರಾಮಕ್ಕ ಎಂಬಾಕೆ ಎಲ್ಲರನ್ನೂ ಸುಮ್ಮನಿರಿಸಿ ಮುಂದೆ ಬಂದಳು. "ರೇಸನ್ ಲಾರಿ ಸಾಮಿ. ಅಕ್ಕಿ ಮೂಟೆ ಮ್ಯಾಲೆ ಕುಂತಿದ್ನಂತೆ, ತಿರುವ್ನಾಗೆ ಜಾರಿ ಬಿದ್ನಂತೆ. ನಾವೆಲ್ಲ ಕಿವಿಯಾರೆ ಕೇಳಿದೀವಿ."

ಅಷ್ಟರಲ್ಲಿ ಶ್ಯಾಮಣ್ಣ ಒಳಗಿನಿಂದ ತಗಡಿನ ಪೆಟ್ಟಿಗೆ ತಂದು, ಹತ್ತು ವರ್ಷದ ಹಿಂದಿನ ಇನ್‌ಲ್ಯಾಂಡ್ ಪತ್ರ ಬಿಚ್ಚಿ ಓದತೊಡಗಿದ. 'ಅಮ್ಮನಿಗೆ ನಮಸ್ಕಾರ. ನಾನು ಕ್ಷೇಮ. ನಿನಗೆ ಕೊಟ್ಟ ಮಾತಿನಂತೆ ನಾನು ಗುಂಡು ಹಾರುವ ಕಡೆ ಇಲ್ಲ, ಅಡುಗೆ ಸಾಮಾನಿನ ಕಡೆಯೇ ಇದ್ದೇನೆ. ರೇಷನ್ ಲಾರಿಯಿಂದ ಬಿದ್ದು ಎಡಗಾಲಿಗೆ ಸ್ವಲ್ಪ ಪೆಟ್ಟಾಗಿದೆ. ಚಿಂತೆ ಮಾಡಬೇಡ.' ಓದುವಾಗ ಹೆಂಗಸರ ತುಟಿಗಳೂ ಜೊತೆಗೆ ಆಡುತ್ತಿದ್ದವು, ಅಷ್ಟು ಬಾಯಿಪಾಠ. ಎಲ್ಲರ ಮುಖದಲ್ಲೂ ಹೆಮ್ಮೆ. ತಮ್ಮೂರಿನವನಿಗೆ ಪದಕ ಕೊಡಿಸಲು ತಾವು ಸಾಕ್ಷಿ ಹೇಳಿದೆವೆಂದು ಅವರು ತಿಳಿದಿದ್ದರು.

ನಾನು ಹನುಮಂತರಾಯಪ್ಪನವರ ಕಡೆ ತಿರುಗಿದೆ. "ಏನ್ರೀ ಇದು?"

ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. ಸೇನೆಗೆ ಸೇರುವಾಗ ಅವರ ಅಮ್ಮ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ, ಗುಂಡು ಹಾರುವ ಕಡೆಗೆ ಹೋಗುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದರಂತೆ. ಪಕ್ಕದ ಮಂಚದಲ್ಲಿ ಮಲಗಿದ್ದವನು ಲಾರಿಯಿಂದ ಬಿದ್ದವನು, ಅವನ ಕತೆಯನ್ನೇ ತನ್ನದು ಮಾಡಿ ಬರೆದು ಹಾಕಿದರಂತೆ.

"ಹನ್ನೊಂದು ಅರ್ಜಿ ಮಾಡಿದೀನಲ್ರೀ ನಾನು," ಎಂದೆ.

"ನೀವು ಕೇಳ್ಲಿಲ್ವಲ್ಲ ಮೇಡಂ," ಎಂದರು.

ನಲ್ಲಪ್ಪನವರು ಪತ್ರವನ್ನು ಅವರ ಮುಂದೆ ಹಿಡಿದರು. "ನಿಮ್ಮ ಕೈಬರಹವಾ?"

"ಹೌದು ಸಾರ್."

"ಇದರಲ್ಲಿರೋದು ನಿಜವಾ?"

ಅವರ ತಾಯಿ ಭದ್ರಮ್ಮ ಬಾಗಿಲ ಬಳಿ ರಾಗಿ ಮೂಟೆಗೆ ಒರಗಿ ಕೂತಿದ್ದರು. ಹನುಮಂತರಾಯಪ್ಪ ಆ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದರು. ಯುದ್ಧಕ್ಕೆ ಹೋಗಿ ಬಂದ ಗಂಡಸಿಗೆ ಒಬ್ಬ ಮುದುಕಿಯ ಮುಂದೆ 'ಸುಳ್ಳು' ಎಂಬ ಒಂದು ಮಾತು ಹೊರಡಲಿಲ್ಲ. ಹೇಳ್ರೀ, ಹೇಳ್ರೀ ಎಂದು ಅವರ ತೋಳು ತಿವಿದೆ. ನಲ್ಲಪ್ಪನವರು ಕಾದು ಕಾದು ಪೆನ್ನಿಗೆ ಕ್ಯಾಪು ಹಾಕಿದರು.

ಆಗ ಭದ್ರಮ್ಮ ಮಾತಾಡಿದರು. "ಬರ್ದಿರಾದು ಅವ್ನೇ ಸಾಮಿ. ಆದ್ರೆ ಸುಳ್ಳು."

ಮಿಲ್ಲಿನಲ್ಲಿ ಎಲ್ಲರೂ ಅವರ ಕಡೆ ತಿರುಗಿದರು.

"ರಜಕ್ಕೆ ಬಂದಾಗ ಎಣ್ಣೆ ಒತ್ತಿ ನೀರು ಉಯ್ದವ್ಳು ನಾನು. ತೊಡೆ ಮುಂದ್ಗಡೆ ಬಟಾಣಿಯಷ್ಟು ಗುರುತು, ಇಂದ್ಗಡೆ ಅಂಗೈಯಷ್ಟು. ಲಾರಿಯಿಂದ ಬಿದ್ರೆ ಇಂಗೆ ತೂತಾಯ್ತದಾ? ನಂಗೋಸ್ಕರ ಅವ್ನು ಸುಳ್ಳು ಬರ್ದ. ನಾನೂ ನಂಬಿದೋಳಂಗೆ ಇದ್ದೆ."

ಹನುಮಂತರಾಯಪ್ಪನವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಗೊತ್ತಿದ್ದೂ ಸುಮ್ಕಿದ್ಯಾ? ಊರೆಲ್ಲ ಲಾರಿ ಲಾರಿ ಅಂತ ಕರೀವಾಗ?"

"ಅಂಗೆ ಕರೀಲಿ ಅಂತ್ಲೇ ಸುಮ್ಕಿದ್ದೆ," ಎಂದು ಆಕೆ ಕಿರಿಯ ಮಗ ಆಂಜಿನಪ್ಪನ ಕಡೆ ಕೈ ತೋರಿಸಿದರು. ಅವನು ನಮ್ಮ ಕಾರ್ಖಾನೆಯಲ್ಲೇ ಲೇತ್ ಓಡಿಸುತ್ತಿದ್ದವನು. "ಇವ್ನು ಆಗ ದಿನಾ ಮಿಲ್ಟ್ರಿಗೋಯ್ತೀನಿ ಅಂತಿದ್ದ. ಅಣ್ಣ ಗುಂಡು ತಿಂದವ್ನೆ ಅಂತ ಗೊತ್ತಾಗಿದ್ರೆ ಮಾರ್ನೆ ದಿನ್ವೇ ಓಯ್ತಿದ್ದ. ಲಾರಿಯಿಂದ ಬಿದ್ದೋನ್ನ ನೋಡಿ ಯಾರೂ ಓಗಲ್ಲ."

ಆಂಜಿನಪ್ಪ ನಿಧಾನವಾಗಿ ಕೇಳಿದ. "ಅದ್ಕೇನವ್ವ, ಆ ಕಾಗ್ದಾನ ಬಂದೋರ್ಗೆಲ್ಲ ಓದುಸ್ತಿದ್ದೆ?"

"ಊಂ," ಎಂದರು ಭದ್ರಮ್ಮ. ಅದಕ್ಕೆ ನಾಚಿಕೆಯನ್ನೂ ಪಡಲಿಲ್ಲ.

ನಲ್ಲಪ್ಪನವರು ಕ್ಯಾಪು ತೆಗೆದು ಎರಡು ಸಾಲು ಬರೆದುಕೊಂಡರು. "ನಾನು ಬರೀತೀನಮ್ಮ. ಆದ್ರೆ ತಾಯಿ ಹತ್ತು ವರ್ಷ ಆದ್ಮೇಲೆ ಹೇಳಿದ್ದನ್ನ ಅವರು ಒಪ್ಪಲ್ಲ. ಅವನ ಕೈಯಾರೆ ಬರೆದದ್ದನ್ನ ಒಪ್ತಾರೆ," ಎಂದು ಹೇಳಿ ಆ ಪತ್ರವನ್ನು ಫೈಲಿಗೆ ಸೇರಿಸಿಕೊಂಡು ಹೊರಟರು.

ಈ ಸಲ ಮಾತ್ರ ಉತ್ತರ ಒಂದೇ ತಿಂಗಳಲ್ಲಿ ಬಂತು. ಅರ್ಜಿದಾರರೇ ಆ ಕಾಲದಲ್ಲಿ ಬರೆದ ಪತ್ರದಿಂದ ದಾಖಲೆ ಸರಿಯಾಗಿದೆ ಎಂದು ದೃಢಪಟ್ಟಿದೆ, ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ನಾನು ಓದಿ ಹೇಳಿದೆ. ಹೇಳುತ್ತಲೇ ಹನ್ನೆರಡನೆಯದಕ್ಕೆ ಮಿಷನ್ನಿಗೆ ಹಾಳೆ ಏರಿಸಿದೆ. ಈ ಸಲ 'ಮಾನ್ಯ'ವೂ ಇಲ್ಲ, 'ಜೈ ಹಿಂದ್' ಕೂಡ ಇಲ್ಲ ಎಂದು ತೀರ್ಮಾನಿಸಿದ್ದೆ.

"ಬಿಡಿ ಮೇಡಂ," ಎಂದರು.

"ಯಾಕೆ ಬಿಡ್ಬೇಕು? ಸಾಯೋತನಕ ಲಾರಿ ಅಂತ ಕರೆಸ್ಕೊಂಡಿರ್ತೀರಾ?"

"ಇನ್ನೊಂದು ವಿಚಾರಣೆ ಅಂದ್ರೆ ಮತ್ತೆ ಅವ್ಳನ್ನೇ ಕೇಳ್ತಾರೆ. ಆವತ್ತಿಂದ ಸರ್ಯಾಗಿ ಉಣ್ಣಾಕಿಲ್ಲ. ದಿನಾ ಪಕ್ಕ ಕುಂತ್ಕಂಡು ಕೇಳ್ತಾಳೆ. ಎಲ್ಲಿ ಬಿದ್ದಿದ್ದೆ, ಎಷ್ಟೊತ್ತು ಬಿದ್ದಿದ್ದೆ, ಯಾರು ಎತ್ಕಂಡ್ ಬಂದ್ರು, ಕುಡಿಯಾಕೆ ನೀರು ಕೊಟ್ರಾ ಅಂತ. ಹತ್ತು ವರ್ಷ ಕೇಳ್ಬಾರ್ದು ಅಂತ ಒಳಗಿಟ್ಕಂಡಿದ್ದದ್ನೆಲ್ಲ ಈಗ ಕೇಳ್ತಾವ್ಳೆ."

ನನ್ನ ಸಿಟ್ಟು ಇಳಿದಿರಲಿಲ್ಲ, ಆದರೂ ಕೈ ಕೀಲಿಗಳ ಮೇಲಿಂದ ಹಿಂದೆ ಬಂತು. "ಕೊಟ್ರಾ ನೀರು?" ಎಂದು ನಾನೂ ಕೇಳಿದೆ.

"ಇಲ್ಲ ಮೇಡಂ. ರಾತ್ರಿಯೆಲ್ಲ ಅಲ್ಲೇ ಬಿದ್ದಿದ್ದೆ, ಯಾರೂ ಬರ್ಲಿಲ್ಲ. ಅವ್ಳಿಗೆ ಮಾತ್ರ ಆಗಿಂದಾಗ್ಲೇ ಎತ್ಕಂಡೋದ್ರು, ಬಿಸಿ ಬಿಸಿ ಟೀ ಕೊಟ್ರು ಅಂತ ಹೇಳಿದೀನಿ."