ಹತ್ತಿಯ ಬಿರಡೆ

ಕಳೆದ ವಾರ ಹೆಸರುಕಾಳನ್ನು ನೆನೆಸಿ, ನೀರು ಬಸಿದು, ಸ್ಟೀಲಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು ಮರೆತುಬಿಟ್ಟಿದ್ದೆ. ಎರಡು ದಿನ ಬಿಟ್ಟು ಮುಚ್ಚಳ ತೆಗೆದಾಗ ಹುಳಿಹುಳಿಯಾದ, ಕಳ್ಳಿನಂಥ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಚೆಲ್ಲಿಬಿಡಬಹುದಿತ್ತು. ನಾನು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ... ಇದೇ ವಾಸನೆಗೆ ಬಾಗಿಲಲ್ಲೇ ಮೂಗು ಅರಳಿಸಿದ್ದ ಒಬ್ಬ ಹೆಂಗಸು ನೆನಪಾಗಿದ್ದರು.

ಅವರು ಕಾರ್ಕಳದಲ್ಲಿ ನಾನು ಪಿಯುಸಿ ಓದಿದ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕೊಂಕಣಿ ಮಾತನಾಡುವ ಕ್ರೈಸ್ತ ಮನೆಯವರಾದ್ದರಿಂದ, ಊರಿನ ವಾಡಿಕೆಯಂತೆ, ನಮಗೆಲ್ಲ ಅವರು 'ಬಾಯಮ್ಮ'. ಅಜೆಕಾರಿನಿಂದ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುತ್ತಿದ್ದರು. ಕೊನೆಯ ಗಾಜಿನ ನಳಿಕೆಯನ್ನು ತೊಳೆದಿಟ್ಟು ಬೀಗ ಹಾಕುತ್ತಿದ್ದರು. ನಡುವಿನ ಅಷ್ಟೂ ಹೊತ್ತು ನಿಂತೇ ಇರುತ್ತಿದ್ದರು. ಆ ಕೋಣೆಯಲ್ಲಿ ಉಪನ್ಯಾಸಕರಿಗೆ ಕುರ್ಚಿ ಇತ್ತು, ನಮಗೆ ಸ್ಟೂಲುಗಳಿದ್ದವು, ಅಸ್ಥಿಪಂಜರಕ್ಕೂ ಒಂದು ಸ್ಟ್ಯಾಂಡ್ ಇತ್ತು. ಅವರಿಗೆ ಏನೂ ಇರಲಿಲ್ಲ. ಹನ್ನೆರಡು ವರ್ಷ ದುಡಿದ ಮೇಲೂ ಕಾಗದದಲ್ಲಿ ಅವರು 'ತಾತ್ಕಾಲಿಕ'. ಇದನ್ನು ಅನ್ಯಾಯವೆಂದು ಕರೆಯಲು ಇಂದು ಹಿಂಜರಿಯುವುದಿಲ್ಲ. ಅಂದು ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ನಾನಾದರೋ ಅನ್ಯಾಯಗಳನ್ನು ಗುರುತಿಸುವುದರಲ್ಲಿ ಪಳಗಿದವಳೆಂದು ನಂಬಿದ್ದೆ. ಅಪ್ಪ ಅವ್ವ ಬಾಗಲಕೋಟೆಯ ಕಡೆಯಿಂದ ಬಂದು ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಕಲ್ಲು, ಸಿಮೆಂಟು ಹೊರುತ್ತಿದ್ದರು. ನಾನು ಕಾರ್ಕಳದ ಹಾಸ್ಟೆಲಿನಲ್ಲಿದ್ದೆ. ಸಾರಿನಲ್ಲಿ ಬೇಳೆ ಇಲ್ಲವೆಂದು, ಗ್ರಂಥಾಲಯದಲ್ಲಿ ಹುಡುಗಿಯರಿಗೆ ಕಡಿಮೆ ಸಮಯವೆಂದು, ನನ್ನ ಬಯಲುಸೀಮೆಯ ಕನ್ನಡಕ್ಕೆ ತರಗತಿ ನಗುತ್ತದೆಂದು ಪ್ರಾಂಶುಪಾಲರಿಗೆ ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದೆ. "ಇವತ್ತು ಯಾರ ಮೇಲೆ ಅರ್ಜಿ ಮಾರಾಯ್ತಿ?" ಎಂದು ಬಾಯಮ್ಮ ನಳಿಕೆ ತೊಳೆಯುತ್ತಲೇ ಕೆಣಕುತ್ತಿದ್ದರು.

ಆ ವರ್ಷ ಉಡುಪಿಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಕಾಲೇಜಿನಿಂದ ಒಂದೇ ಪ್ರಯೋಗ ಹೋಗಬಹುದಾಗಿತ್ತು. ಗಿಡಗಳೂ ಹಗಲಿರುಳು ಉಸಿರಾಡುತ್ತವೆಂದು ತೋರಿಸುವ ಪ್ರಯೋಗವನ್ನು ನಾನು ಆರಿಸಿಕೊಂಡೆ. ಜೀವಕೋಶದೊಳಗೆ ಸಕ್ಕರೆ ಆಮ್ಲಜನಕದ ನೆರವಿನಿಂದ ಮೆಲ್ಲನೆ ಒಡೆಯುತ್ತದೆ. ಬಿಡುಗಡೆಯಾದ ಶಕ್ತಿಯ ಒಂದು ಪಾಲನ್ನು ಕೋಶವು ಎಟಿಪಿ ಎಂಬ ಅಣುಗಳಲ್ಲಿ ತನ್ನ ಕೆಲಸಕ್ಕೆ ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದು ಬಿಸಿಯಾಗಿ ಹೊರಬೀಳುತ್ತದೆ. ಮೊಳೆಯುವ ಕಾಳನ್ನು ಥರ್ಮಾಸ್ ಫ್ಲಾಸ್ಕಿಗೆ ತುಂಬಿ ಉಷ್ಣಮಾಪಕ ಇಟ್ಟರೆ ಆ ಬಿಸಿ ಕಣ್ಣಿಗೇ ಕಾಣಬೇಕು. "ಶುಕ್ರವಾರದೊಳಗೆ ಪಾದರಸ ಏರದಿದ್ದರೆ ಜ್ವಾಲಾಮುಖಿ ಮಾಡಿದವರ ತಂಡ ಹೋಗ್ತದೆ" ಎಂದರು ಉಪನ್ಯಾಸಕರು. ಹಾಸ್ಟೆಲಿನ ಹುಡುಗಿಯನ್ನು ಕಳಿಸುವುದು ಅವರಿಗೆ ಮೊದಲೇ ಇಷ್ಟವಿರಲಿಲ್ಲ.

ಸೋಮವಾರ ನೆನೆಸಿದ ಹೆಸರುಕಾಳು ತುಂಬಿದೆ. ಚೂರೂ ಬಿಸಿ ಸೋರದಿರಲೆಂದು ರಬ್ಬರಿನ ಬಿರಡೆ ಜಡಿದು, ಸುತ್ತಲೂ ಮೇಣದಬತ್ತಿ ಕರಗಿಸಿ ಸುರಿದೆ. ಪಾದರಸ ಕೂದಲೆಳೆಯಷ್ಟು ಏರಿ ಅಲ್ಲೇ ನಿಂತಿತು. ಬುಧವಾರ ಬೆಳಿಗ್ಗೆ ಬಿರಡೆ ಕಿತ್ತಾಗ ಇದೇ ಹುಳಿ ವಾಸನೆ.

"ಫ್ಲಾಸ್ಕಽ ಸರಿ ಇಲ್ರಿ ಬಾಯಮ್ಮ! ಇಂಥಾ ಸಾಮಾನು ಕೊಟ್ರ ಹೆಂಗ ಮಾಡೂದು? ಬರೀತೀನಿ ನೋಡ್ರಿ ಅರ್ಜಿ!"

ಅವರು ಬಾಗಿಲಿಂದಲೇ ಮೂಗು ಅರಳಿಸಿದರು. "ಫ್ಲಾಸ್ಕಿನ ಮೇಲೆ ಅರ್ಜಿಯಾ? ಕಾಳಿನ ಉಸಿರು ಕಟ್ಟಿದ್ದು ನೀನು. ಉಸಿರು ಕಟ್ಟಿಸಿ ಬಿಸಿ ಕೊಡು ಅಂದ್ರೆ ಅದು ಎಲ್ಲಿಂದ ಕೊಡ್ತದೆ ಮಗಾ?"

ಆಮೇಲೆ ತಮ್ಮ ಮನೆಯ ಕಥೆ ಹೇಳಿದರು. ನೆನೆಸಿದ ಬೀಜದ ಭತ್ತವನ್ನು ಅವರಲ್ಲಿ ಬೈಹುಲ್ಲಿನಲ್ಲಿ ಸುತ್ತಿ ಮೇಲೊಂದು ಕಲ್ಲು ಹೇರುತ್ತಿದ್ದರಂತೆ. ಮಾರನೆಯ ದಿನ ಒಳಗೆ ಕೈ ತೂರಿಸಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಒಂದು ವರ್ಷ ಗಂಡ ಅವಸರ ಮಾಡಿ ರಸಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಕಟ್ಟಿದ್ದರು. "ಗದ್ದೆಗೆ ಹಾಕ್ಲಿಕ್ಕೆ ಒಂದು ಮೊಳಕೆ ಇಲ್ಲ, ಮನೆಯಿಡೀ ಕಳ್ಳಿನ ಗಡಂಗಿನ ವಾಸನೆ! ಪಾದ್ರಿಗಳು ಅದೇ ದಿನ ಬರ್ಬೇಕಾ? ಯಾರು ಕುಡ್ದದ್ದು ಅಂತ ಕೇಳಿದ್ರು. ಭತ್ತ ಅಂದೆ."

ನಾನು ನಗಲಾರದೆ ನಿಂತೆ. ಆಮ್ಲಜನಕ ಸಿಗದಿದ್ದರೆ ಕೋಶವು ಸಕ್ಕರೆಯನ್ನು ಅರೆಬರೆ ಒಡೆದು ಮದ್ಯಸಾರ ಮಾಡುತ್ತದೆ, ಶಕ್ತಿ ಅತ್ಯಲ್ಪ ಸಿಗುತ್ತದೆ ಎಂದು ಕಿರುಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆದರೂ ಮೇಣ ಸುರಿದಿದ್ದೆ...

ಮರುದಿನ ಬೆಳಿಗ್ಗೆ ಬಾಯಮ್ಮ ತಮ್ಮ ಗದ್ದೆಯ ಅನುಭವದಿಂದ ಆರಿಸಿದ ಹೊಸ ಕಾಳು ತಂದುಕೊಟ್ಟರು. ಅಜೆಕಾರಿನ ಮನೆಯಲ್ಲಿ ಅಡುಗೆಗೆಂದು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟದ್ದು, ಆಗಷ್ಟೇ ಬಾಲ ಮೂಡಿದ್ದು. ಬಿರಡೆಯ ಬದಲು ಹತ್ತಿಯ ಉಂಡೆ ತುರುಕಿ, "ಬಿಸಿ ಒಳಗೆ ನಿಲ್ತದೆ, ಗಾಳಿ ಬಂದು ಹೋಗ್ತದೆ" ಎಂದರು. ಹೋಲಿಕೆಗೆ ಬೇಯಿಸಿ ಆರಿಸಿದ ಕಾಳನ್ನು ತುಂಬಲು ಇನ್ನೊಂದು ಫ್ಲಾಸ್ಕು ಬೇಕಿತ್ತು. ಅವರು ಚೀಲದಿಂದ ತಮ್ಮ ಚಾದ ಫ್ಲಾಸ್ಕು ತೆಗೆದು ತೊಳೆದು ಕೊಟ್ಟರು. ಶುಕ್ರವಾರ ಮಧ್ಯಾಹ್ನ ಬೆಂದ ಕಾಳಿನ ಪಾದರಸ ಇದ್ದಲ್ಲೇ ಇತ್ತು. ಜೀವಂತ ಕಾಳಿನದು ಸ್ಪಷ್ಟವಾಗಿ ಮೇಲೇರಿತ್ತು. ಉಪನ್ಯಾಸಕರು ಎರಡು ಸಲ ಕನ್ನಡಕ ಒರೆಸಿ ನೋಡಿ ತಲೆಯಾಡಿಸಿದರು.

ಉಡುಪಿಯಲ್ಲಿ ತೀರ್ಪುಗಾರ್ತಿಯೊಬ್ಬರು ಎಲ್ಲ ಕೇಳಿ, "ಈ ಹತ್ತಿಯ ಉಪಾಯ ಯಾರದು?" ಎಂದರು. ಪೆಟ್ಟಿಗೆ ಹೊರಲು ಬಂದಿದ್ದ ಬಾಯಮ್ಮ ಬಾಗಿಲ ಬಳಿ ನಿಂತಿದ್ದರು. ನಾನು ಹೇಳಿದೆ: "ನಮ್ಮ ಸರ್ ಅವರದು." ಪಕ್ಕದಲ್ಲೇ ಇದ್ದ ಉಪನ್ಯಾಸಕರು ಅಲ್ಲವೆನ್ನಲಿಲ್ಲ. ನಮಗೆ ಎರಡನೆಯ ಬಹುಮಾನ ಬಂತು.

ಯಾವ ಭಯಕ್ಕೆ ಹಾಗೆಂದೆನೋ... ಅಟೆಂಡರ್ ಎಂದರೆ ಬಹುಮಾನ ತಪ್ಪೀತೆಂದೇ? ನಾನು ಹೆಸರಿಟ್ಟು ಕರೆದ ಅಷ್ಟೂ ತಪ್ಪುಗಳ ಪಟ್ಟಿಯಲ್ಲಿ ಇದೂ ಇರಲೇಬೇಕು, ಇದನ್ನು ಮಾಡಿದವಳು ನಾನು. ಮರಳುವ ಬಸ್ಸಿನಲ್ಲಿ ಅವರ ಪಕ್ಕ ಕುಳಿತು ಅತ್ತುಬಿಟ್ಟೆ.

"ನನ್ನ ಹೆಸರು ತಗೊಂಡು ಅವರು ಎಂತ ಮಾಡ್ತಾರೆ? ಬೇಡ ಬಿಡು," ಎಂದರು ಬಾಯಮ್ಮ. ಆಮೇಲೆ ಪಾದ ನೀವಿಕೊಳ್ಳುತ್ತ, "ಅಷ್ಟು ಅರ್ಜಿ ಬರೀತಿಯಲ್ವಾ, ಒಂದು ಕುರ್ಚಿಗೆ ಬರಿ. ಕಾಲು ನೋಯ್ತದೆ."

ಮರುದಿನವೇ ಬರೆದು ತರಗತಿಯವರ ಸಹಿ ಹಾಕಿಸಿದೆ. ಹತ್ತಿಯ ಉಪಾಯ ಯಾರದೆಂಬ ನಿಜವನ್ನು ಮೊದಲ ಸಾಲಿನಲ್ಲೇ ಇಟ್ಟು, ಉಪನ್ಯಾಸಕರ ಮುಂದೆ ಹಿಡಿದೆ. ಅವರು ಬಹಳ ಹೊತ್ತು ಓದಿದರು, ಒಂದೇ ಪುಟವಾದರೂ. ನಂತರ ಎಲ್ಲರಿಗಿಂತ ಮೇಲೆ ಸಹಿ ಹಾಕಿದರು. ತಿಂಗಳೊಳಗೆ ಕಚೇರಿಯಿಂದ ಹಳೆಯ ಬೆತ್ತದ ಕುರ್ಚಿಯೊಂದು ಬಂತು. ಬಾಯಮ್ಮ ಅದರ ಅಂಚಿನಲ್ಲಿ ಕೂತು, ಯಾರು ಬಂದರೂ ಎದ್ದು ನಿಲ್ಲುತ್ತಿದ್ದರು. "ಕೂತ್ಕೊಳ್ಳಿ ಬಾಯಮ್ಮ" ಎಂದು ಉಪನ್ಯಾಸಕರೇ ದಿನವೂ ಹೇಳಬೇಕಾಗುತ್ತಿತ್ತು. ತಮ್ಮ ಫ್ಲಾಸ್ಕಿನಿಂದ ಚಾ ಸುರಿದುಕೊಳ್ಳುತ್ತ ಬಾಯಮ್ಮ ನನಗೆ ಕಣ್ಣು ಮಿಟುಕಿಸುತ್ತಿದ್ದರು: "ಇದಕ್ಕೆ ಇನ್ನೂ ಹೆಸರುಕಾಳಿನ ಪರಿಮಳ ಉಂಟು."

ಕೆಲವು ವರ್ಷಗಳ ಬಳಿಕ ಅವರನ್ನು ಪಿಂಚಣಿಯಿಲ್ಲದೆ ಕೆಲಸದಿಂದ ಬಿಡಿಸಿದರು. ಅದು ಅಪಚಾರ, ಅದರ ವಿರುದ್ಧ ನಾನು ಬರೆದ ಅರ್ಜಿಗೆ ಉತ್ತರ ಬರಲಿಲ್ಲ. ಅವರು ತೀರಿಕೊಂಡ ಸುದ್ದಿಯೂ ತಡವಾಗಿ ತಲುಪಿತು. ಗುತ್ತಿಗೆ ನೌಕರರಿಗಾಗಿ ಈಗ ಬರೆಯುವ ಅರ್ಜಿಗಳಲ್ಲಿ ಕೆಲವು ಗೆಲ್ಲುತ್ತವೆ, ಹಲವು ಸೋಲುತ್ತವೆ. ಆದರೆ ಹೋದ ವರ್ಷ ಆ ಕಾಲೇಜಿಗೆ ಮಾತನಾಡಲು ಹೋದಾಗ ಪ್ರಯೋಗಾಲಯದಲ್ಲಿ ಇಣುಕಿದ್ದೆ. ಬೆತ್ತ ಹೊಸದಾಗಿ ಹೆಣೆಸಿದ ಅದೇ ಕುರ್ಚಿಯಲ್ಲಿ ಈಗಿನ ಅಟೆಂಡರ್ ಕೂತಿದ್ದರು. ನನ್ನೊಡನೆ ಪ್ರಾಂಶುಪಾಲರೂ ಇದ್ದರು. ಆಕೆ ನಮಸ್ಕಾರ ಹೇಳಿದರು, ಏಳಲಿಲ್ಲ.

ಡಬ್ಬಿಯ ಕಾಳನ್ನು ನಾನು ಚೆಲ್ಲಲಿಲ್ಲ. ಮೂರು ನೀರಿನಲ್ಲಿ ತೊಳೆದು, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಟ್ಟೆ. ಬಹಳಷ್ಟು ಸತ್ತೇಹೋಗಿದ್ದವು. ಮರುದಿನ ಸಂಜೆ ಗಂಟಿನೊಳಗೆ ಬೆರಳು ತೂರಿಸಿ ನೋಡಿದೆ... ನಡುವಿನಲ್ಲಿ ಒಂದು ಹಿಡಿಯಷ್ಟು ಬೆಚ್ಚಗಿತ್ತು.